ಬುಧವಾರದಲ್ಲಿ ನಿಂತ ಮುಳ್ಳು

ಬೀದಿಯವರು ಅವರನ್ನು ಕರೆಯುತ್ತಿದ್ದುದೇ ಗಡಿಯಾರದವರು ಎಂದು. ಮೂವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಂಡವರ ಗಡಿಯಾರ ಬಿಚ್ಚಿ ಜೋಡಿಸಿದವರು. ಊರಿಗೆಲ್ಲ ಹೊತ್ತು ಸರಿಮಾಡಿ ಕೊಡುವ ಈ ಮನುಷ್ಯ ಊಟಕ್ಕೆ ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ ಎಂದು ಹೆಂಡತಿ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಆ ಹೆಂಡತಿ ತೀರಿಕೊಂಡು ಈಗ ಮೂರು ತಿಂಗಳು.

ಹಿತ್ತಿಲಿನ ದೊಡ್ಡ ಕುಂಡದಲ್ಲಿ ಅವಳು ಬೀಜ ಊರಿ ಬೆಳೆಸಿದ ನಿಂಬೆಗಿಡವಿತ್ತು. ಏಳು ವರ್ಷ ಬರೀ ಎಲೆ ಬಿಟ್ಟುಕೊಂಡು ಹಾಯಾಗಿತ್ತು. ಅವಳು ಅದಕ್ಕೆ ಸೋಮಾರಿ ಎಂದು ಹೆಸರಿಟ್ಟಿದ್ದಳು. ಸೋಮಾರಿಗೆ ನೀರು ಹಾಕಿ ಬರುತ್ತೇನೆ ಎಂದು ಅವಳು ಹೊರಟರೆ, ನಾನು ಇಲ್ಲೇ ಕೂತಿದ್ದೇನಲ್ಲ ಎಂದು ಇವರು ಒಳಗಿಂದ ಲೋಟ ಎತ್ತಿ ತೋರಿಸುತ್ತಿದ್ದರು. ಇಂಥ ಗಿಡ ಹೂ ಬಿಟ್ಟದ್ದು ಅವಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ವಾರದಲ್ಲಿ. ಐದು ಹೂ. ನಾಲ್ಕು ಉದುರಿ ಒಂದು ಕಾಯಿ ಕಚ್ಚಿತು. ಅದೊಂದು ಹಣ್ಣಾಗುವುದನ್ನು ನೋಡಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದು ಗಡಿಯಾರದವರ ಜೀವ ಅದರ ಮೇಲೇ ಇತ್ತು.

ಕುಂಡದ ಅಂಚಿಗೆ ಒಂದು ಹಳೆಯ ಗಡಿಯಾರದ ಮುಖವನ್ನು ತಂತಿಯಿಂದ ಕಟ್ಟಿತ್ತು. ಅವರೇ ಮಾಡಿಕೊಟ್ಟದ್ದು. ಒಳಗಿನ ಯಂತ್ರ ತೆಗೆದು, ಅಂಕಿಗಳನ್ನು ಅಳಿಸಿ, ಸುತ್ತ ವಾರದ ಏಳು ದಿನಗಳ ಹೆಸರು ಬರೆದು, ಒಂದೇ ಒಂದು ಮುಳ್ಳು ಉಳಿಸಿದ್ದರು. ನೀರು ಹಾಕಿದವರು ಮುಳ್ಳನ್ನು ಆ ದಿನಕ್ಕೆ ತಿರುಗಿಸಬೇಕು. ಮಧ್ಯೆ ಎರಡು ದಿನ ಕಳೆಯದೆ ಮತ್ತೆ ಯಾರೂ ನೀರು ಮುಟ್ಟಿಸಕೂಡದು. ಇದು ಅವಳ ಕಾನೂನು. ಅದೊಂದು ಬುಧವಾರ ಅವಳು ನೀರು ಹಾಕಿ ಮುಳ್ಳು ತಿರುಗಿಸಿದಳು. ಗುರುವಾರ ಬೆಳಿಗ್ಗೆ ಒಲೆಯ ಮುಂದೆ ಕುಸಿದವಳು ಆಸ್ಪತ್ರೆಯಿಂದ ಮತ್ತೆ ಮನೆಗೆ ಬರಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಉಳಿದವರು ಮೂವರು: ಇವರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಮತ್ತು ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳೇ ಇಲ್ಲದ ಮನೆಯಲ್ಲಿ ಅಳಿಯನ ಅನ್ನ ತಿನ್ನುವುದು ಹೇಗೆ ಎಂದು ಆ ಮುದುಕಿ ಎರಡು ಸಲ ಗಂಟುಮೂಟೆ ಕಟ್ಟಿದ್ದರು, ಮೊಮ್ಮಗಳು ಎರಡು ಸಲ ಬಿಚ್ಚಿದ್ದಳು. ಮೂವರ ಬಾಯಿಗೂ ಬೀಗ. ಎಲ್ಲಿ ಅವಳ ಮಾತೆತ್ತಿದರೆ ಇನ್ನೊಬ್ಬರು ಅತ್ತುಬಿಡುತ್ತಾರೋ ಎಂದು ಸಾರಿಗೆ ಉಪ್ಪು ಸಾಲದಿದ್ದರೂ ಸುಮ್ಮನೆ ಉಣ್ಣುತ್ತಿದ್ದರು.

ಗಡಿಯಾರದವರು ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಗಿಡಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದರು. ದಿನಾ ಬೇಡ ಎಂದು ತಿಳಿದಿತ್ತು. ಆದರೆ ಅವಳಿಗಾಗಿ ಮಾಡುವಂಥದ್ದು ಇನ್ನೇನು ಉಳಿದಿತ್ತು? ಮುಳ್ಳನ್ನು ಮಾತ್ರ ಮುಟ್ಟಲಿಲ್ಲ. ಎರಡನೆಯ ತಿಂಗಳಲ್ಲಿ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಎರಡು ಚೊಂಬು ಹಾಕಿದರು. ಎಲೆ ಉದುರತೊಡಗಿತು.

ಒಂದು ಭಾನುವಾರ ಅಂಗಡಿಗೆ ರಜ. ಹಿತ್ತಿಲಿಗೆ ಹೋದರೆ ಆ ಒಂದು ಕಾಯಿ, ಅಂಗಿಯ ಗುಂಡಿಯಷ್ಟು ದೊಡ್ಡದಾಗಿದ್ದದ್ದು, ಕುಂಡದ ಮಣ್ಣಿನ ಮೇಲೆ ಬಿದ್ದಿತ್ತು. ಗಿಡದ ಬುಡ ಅಲ್ಲಾಡಿಸಿದರೆ ಅದು ಕೈಯೊಂದಿಗೇ ಬಂತು. ಬೇರು ಕಪ್ಪಾಗಿ ಕೊಳೆತಿತ್ತು. ನಾತ ಮೂಗಿಗೆ ಬಡಿದಾಗ ನೀರು ಹೆಚ್ಚಾಗಿದೆ ಎಂದು ಅವರಿಗೆ ತಿಳಿಯಿತು. ಎರಡು ಚೊಂಬಿಗೆ ಇಷ್ಟು ದೊಡ್ಡ ಕುಂಡ ಕೆಸರಾಗುವುದಿಲ್ಲ. ಸದ್ದು ಕೇಳಿ ಮಗಳೂ ಅತ್ತೆಯೂ ಬಾಗಿಲಿಗೆ ಬಂದರು.

"ಇದಕ್ಕೆ ಇನ್ಯಾರು ನೀರು ಹಾಕ್ತಿದ್ರಿ?"

"ಸಂಜೆ ಬಂದು ನಾನು ಹಾಕ್ತಿದ್ದೆ ಅಪ್ಪ," ಎಂದಳು ಮಗಳು. "ನಿನಗೆ ನೆನಪಿಲ್ಲ ಅಂದ್ಕೊಂಡೆ."

ಅತ್ತೆ ಸೆರಗಿನ ತುದಿ ಹಿಂಡುತ್ತಿದ್ದರು. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ತರಕಾರಿ ತೊಳೆದ ನೀರನ್ನೆಲ್ಲ ತಾನು ಇದಕ್ಕೇ ಸುರಿಯುತ್ತಿದ್ದೆ ಎಂದು ಮೆಲ್ಲಗೆ ಹೇಳಿದರು.

ಮುಳ್ಳು ಯಾಕೆ ತಿರುಗಿಸಲಿಲ್ಲ ಎಂದು ಕೇಳಲು ಗಡಿಯಾರದವರು ಬಾಯಿ ತೆರೆದರು. ತಾವಾದರೂ ತಿರುಗಿಸಿದ್ದರೇ? ಅವಳ ಬೆರಳು ಕೊನೆಗೆ ಮುಟ್ಟಿ ನಿಲ್ಲಿಸಿದ ಜಾಗ ಅದು. ಅದನ್ನು ಕದಲಿಸುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ. ಗಡಿಯಾರಕ್ಕೆ ಎಣ್ಣೆ ಹೆಚ್ಚಾದರೂ ಅದು ನಿಲ್ಲುತ್ತದೆ ಎಂದು ಜೀವಮಾನವಿಡೀ ಗಿರಾಕಿಗಳಿಗೆ ಬೈದು ಹೇಳಿದ್ದ ತಾವೇ, ಎಲ್ಲ ತಿಳಿದೂ ತಿಳಿದೂ, ಅವಳ ಗಿಡವನ್ನು ಮುಳುಗಿಸಿ ಕೊಂದಿದ್ದರು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅತ್ತೆ ಬಂದು ಕುಂಡದ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ಬಿದ್ದ ಕಾಯಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ಗಂಟು ಹಾಕಿಕೊಂಡರು. ಗಿಡ ಸತ್ತರೆ ಅವಳು ಅಳುತ್ತ ಕೂರುತ್ತಿರಲಿಲ್ಲ, ಮಣ್ಣು ಒಣಗಿಸಿ ಬೇರೆ ಬೀಜ ಹಾಕುತ್ತಿದ್ದಳು ಎಂದರು. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಅವಳ ಮಾತು ಬಂದದ್ದು ಅದೇ ಮೊದಲು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಮಣ್ಣನ್ನು ಒಂದು ವಾರ ಬಿಸಿಲಿಗೆ ಹರಡಿದರು. ಮುಂದಿನ ಭಾನುವಾರ ಮಗಳು ಒಂದು ನಿಂಬೆಹಣ್ಣು ಕೊಯ್ದು ನಾಲ್ಕು ಬೀಜ ಊರಿದಳು, ಅತ್ತೆ ನೀರು ಚಿಮುಕಿಸಿದರು. ಮುಳ್ಳಿನ ಕೆಲಸ ಗಡಿಯಾರದವರ ಪಾಲಿಗೆ ಬಂತು. ಅಷ್ಟು ನೀರು ಕುಡಿದು ಅದು ಬುಧವಾರದಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೂಜಿಯ ತುದಿಯಿಂದ ಒಂದೇ ಹನಿ ಎಣ್ಣೆ ಬಿಟ್ಟು, ಭಾನುವಾರಕ್ಕೆ ತಿರುಗಿಸಿದರು. ಅವಳ ಬುಧವಾರ ಹೋಯಿತು.

ಮರುದಿನ ಬೆಳಿಗ್ಗೆ ಕಾಲು ಅಭ್ಯಾಸಬಲದಿಂದ ಹಿತ್ತಿಲಿಗೆ ನಡೆಯಿತು. ಕೈಯಲ್ಲಿ ತುಂಬಿದ ಚೊಂಬು. ಮುಳ್ಳು ಭಾನುವಾರದಲ್ಲಿತ್ತು. ಅವಳಿಗಾಗಿ ಈ ದಿನ ಮಾಡುವಂಥದ್ದು ಏನೂ ಇರಲಿಲ್ಲ. ಅವಳು ಸತ್ತ ದಿನವೂ ಇಷ್ಟು ಸ್ಪಷ್ಟವಾಗಿ ಅವರಿಗೆ ತಿಳಿದಿರಲಿಲ್ಲ, ಅವಳಿಲ್ಲ ಎಂದು.

"ಇವತ್ತು ಬೇಡ," ಎಂದರು ಅತ್ತೆ, ಹಿಂದಿನಿಂದ. ಅವರ ಕೈಯಲ್ಲೂ ಒಂದು ಪಾತ್ರೆಯಿತ್ತು.

"ಹೌದು ಅತ್ತೆ, ಇವತ್ತು ಬೇಡ," ಎಂದು ಗಡಿಯಾರದವರು ಚೊಂಬಿನ ನೀರನ್ನು ಬಕೆಟ್ಟಿಗೆ ವಾಪಸ್ ಸುರಿದರು.