ಬೀಗಿತ್ತಿಯ ತಟ್ಟೆಯಲ್ಲಿ ಉಳಿದದ್ದು

ಬೀಗರು ಬರಲು ಇನ್ನೂ ಒಂದು ಗಂಟೆ ಇತ್ತು. ಜೌರೇಶ್ ಅಡುಗೆಮನೆಯಲ್ಲಿ ನಿಂತು, ಬೇಯಿಸಿದ ಕುರಿಯ ಬಾಲದ ಕೊಬ್ಬನ್ನೂ ಲಿವರನ್ನೂ ತೆಳ್ಳಗೆ ಕೊಯ್ದು ದೊಡ್ಡ ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ಕೆಳಗೆ ಕೊಬ್ಬು, ಮೇಲೆ ಲಿವರ್, ಎರಡೂ ಸೇರಿ ಒಂದು ಬಿಲ್ಲೆ. ಎರಡು ಮನೆಯವರು ಇದನ್ನು ಒಬ್ಬರ ಬಾಯಿಗೆ ಒಬ್ಬರು ಇಟ್ಟರೆ ಸಂಬಂಧ ಕುದುರಿದಂತೆ. ಆಮೇಲೆ ಯಾರೂ ಹಿಂದೆ ಸರಿಯುವ ಹಾಗಿಲ್ಲ. ಕಜಾಕ್‌ಸ್ತಾನದ ಈ ಶು ಪಟ್ಟಣದಲ್ಲಿ ನೋಂದಣಿ ಕಚೇರಿಯ ಮೊಹರಿಗಿಂತ ಈ ತಟ್ಟೆಗೆ ಬೆಲೆ ಹೆಚ್ಚು.

ಕಷ್ಟವಿದ್ದದ್ದು ಜೌರೇಶಳ ಹೊಟ್ಟೆಯಲ್ಲಿ. ಹದಿನಾಲ್ಕು ತಿಂಗಳ ಹಿಂದೆ ಅಲ್ಮಾಟಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅದರ ಮುಕ್ಕಾಲು ಪಾಲನ್ನು ತೆಗೆದಿದ್ದರು. ಉಳಿದದ್ದು ಒಂದು ಚಹಾ ಬಟ್ಟಲಿನಷ್ಟು. ಅಂದು ನೂರ ಮೂವತ್ತೊಂದು ಕಿಲೋ ಇದ್ದವಳು ಈಗ ಎಂಬತ್ತನಾಲ್ಕು. ಜಂಕ್ಷನ್ನಿನ ಮೇಲ್ಸೇತುವೆಯನ್ನು ಎಲ್ಲೂ ನಿಲ್ಲದೆ ಹತ್ತಿ ಇಳಿಯುತ್ತಾಳೆ.

ಆ ಜಂಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ರೈಲು ನಿಯಂತ್ರಣದ ಕೆಲಸ. ಕಿವಿಗೆ ಫೋನು, ಕಣ್ಣು ಎದುರಿನ ಫಲಕದ ದೀಪಗಳ ಮೇಲೆ, ಕೈ ಊಟದ ಡಬ್ಬಿಯಲ್ಲಿ. ಇವತ್ತು ಏನು ತಿಂದೆ ಎಂದು ಯಾರಾದರೂ ಕೇಳಿದರೆ ಖಾಲಿ ಡಬ್ಬಿಯ ಅಂಚು ನೋಡಿ ಹೇಳಬೇಕಿತ್ತು. ಆಸ್ಪತ್ರೆಯಲ್ಲಿ ಆಹಾರ ತಜ್ಞೆ ಲರೀಸಾ ಪಾವ್ಲೊವ್ನಾ ಅವಳಿಗೆ ತಿನ್ನುವುದನ್ನು ಮೊದಲಿನಿಂದ ಕಲಿಸಿದ್ದರು. ಉಗುರಿನಷ್ಟು ತುಣುಕು. ಬಾಯಿಗಿಟ್ಟ ಕೂಡಲೇ ಫೋರ್ಕು ಕೆಳಗೆ. ಮೂವತ್ತು ಸಲ ಅಗಿಯಬೇಕು, ನುಂಗಿದ ಮೇಲೆ ಇನ್ನೂ ಬೇಕೆ ಎಂದು ಹೊಟ್ಟೆಯನ್ನೇ ಕೇಳಬೇಕು. ಊಟದ ಜೊತೆ ಚಹಾ, ಸಾರು ಏನೂ ಇಲ್ಲ. ಅರ್ಧ ಗಂಟೆ ಕಳೆದ ಮೇಲೆ ಕುಡಿಯಬಹುದು. ಚಹಾ ಇಲ್ಲದ ಊಟ ಎಂದಾಗ ಜೌರೇಶ್, ನಾನು ಕಜಾಕ್ ಹೆಂಗಸು ಎಂದು ಜ್ಞಾಪಿಸಿದ್ದಳು. ಲರೀಸಾ ಪಾವ್ಲೊವ್ನಾ ಅದನ್ನೂ ಬರೆದುಕೊಂಡು, ನಿಯಮ ಅದೇ ಎಂದಿದ್ದರು.

ಒಂದೇ ಒಂದು ಸಲ ಅವಳು ನಿಯಮ ಮುರಿದಿದ್ದಳು. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು, ಸೋದರಳಿಯನ ಮದುವೆ. ಹಿರಿಯರೊಬ್ಬರು ವಾಡಿಕೆಯಂತೆ ಹಿಡಿ ತುಂಬ ಮಾಂಸ ತೆಗೆದು ಅವಳ ಬಾಯಿಗೆ ಇಟ್ಟರು. ಬೇಡವೆನ್ನಲು ನಾಚಿಕೆಯಾಗಿ ನುಂಗಿಬಿಟ್ಟಳು. ಆಮೇಲೆ ಎರಡು ಗಂಟೆ ಹೋಟೆಲಿನ ಹಿಂದುಗಡೆ ಗೋಡೆ ಹಿಡಿದು ನಿಂತು ಕಾರಿದ್ದಳು. ಕುಡಿದಿದ್ದಾಳೆ ಎಂದು ಊರು ಮಾತಾಡಿತು.

ಓರಗಿತ್ತಿ ನಾಗಿಮಾ ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮಾತನ್ನೇ ತೆಗೆದಳು.

"ಆ ಸುದ್ದಿ ಬೀಗರ ಊರು ಮೆರ್ಕೆವರೆಗೂ ಹೋಗಿರುತ್ತೆ ಕಣೇ. ಹುಡುಗಿ ತಾಯಿಗೆ ಕುಡಿತ ಅಂತ. ಇವತ್ತು ನೀನು ತಿನ್ನದೆ ಕೂತರೆ ಸಂಬಂಧ ಬೇಡ ಅಂದ್ಕೋತಾರೆ. ತಿಂದು ಎದ್ದು ಓಡಿದ್ರೆ, ನೋಡಿ, ಕೇಳಿದ್ದು ನಿಜ ಅಂತಾರೆ."

"ಮತ್ತೆ ಏನು ಮಾಡ್ಲಿ ಅಕ್ಕ?"

"ಬಾಯಿಗೆ ಹಾಕ್ಕೋ, ಕೆಮ್ಮಿದ ಹಾಗೆ ಮಾಡಿ ಕರ್ಚೀಫಿಗೆ ಉಗುಳು. ನನ್ನ ಮೈದುನನ ಮರ್ಯಾದೆ ಉಳಿಯುತ್ತೆ."

ಮಗಳು ದರಿಗಾ ಬೇರೆ ದಾರಿ ಹೇಳಿದಳು: ಅಮ್ಮನಿಗೆ ಜ್ವರ ಎಂದು ಒಳಗೆ ಮಲಗಿಸಿದರಾಯಿತು. ಹಾಗೆ ಹೇಳುವಾಗ ಹುಡುಗಿ ತಾಯಿಯ ಮುಖ ನೋಡಲಿಲ್ಲ. ಮದುವೆಯ ಮಾತು ಒಮ್ಮೆ ಮುಂದಕ್ಕೆ ಹೋಗಿತ್ತು. ಇನ್ನೊಮ್ಮೆ ಹೋದರೆ ಮುರಿದಂತೆಯೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜೌರೇಶ್ ಚಾಕು ತೊಳೆದಿಟ್ಟಳು. ಮಗಳನ್ನು ಕೊಡುವ ದಿನ ಉಗುಳುವುದೂ ಇಲ್ಲ, ಮಲಗುವುದೂ ಇಲ್ಲ ಎಂದಳು.

ಬೀಗರು ಹನ್ನೊಂದು ಜನ ಬಂದರು. ಎಲ್ಲರಿಗಿಂತ ಹಿರಿಯಳು ವರನ ಅಜ್ಜಿ ಕಲಂಪಿರ್, ಎಂಬತ್ತೊಂದು ವರ್ಷ, ತಲೆಗೆ ಬಿಳಿ ವಸ್ತ್ರ. ಅವಳನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿದರು. ಕುಶಲ ವಿಚಾರಿಸಿದ್ದಾಯಿತು. ಕೊಬ್ಬು, ಲಿವರಿನ ತಟ್ಟೆ ಬಂತು. ಹೆಂಗಸರು ಹಾಡಿದರು. ಗಂಡಸರ ಬಾಯಿಗೆ ಇಡುವಾಗ ಗಲ್ಲಕ್ಕೆಲ್ಲ ಮೆತ್ತಿ ನಕ್ಕರು. ಜೌರೇಶಳ ಗಂಡ ಮೂರು ತುತ್ತನ್ನು ಒಟ್ಟಿಗೆ ನುಂಗಿ ಗಡ್ಡ ಒರೆಸಿಕೊಂಡ.

ಕಡೆಗೆ ಕಲಂಪಿರ್ ಅಜ್ಜಿಯೇ ಕೈ ಚಾಚಿದಳು. ಬೆರಳುಗಳ ನಡುವೆ ನಾಲ್ಕು ಬಿಲ್ಲೆ. ಹಾಡು ನಿಂತಿತು.

ಜೌರೇಶ್ ಬಾಯಿ ತೆರೆಯಲಿಲ್ಲ. ಎರಡೂ ಅಂಗೈ ಜೋಡಿಸಿ ಆ ತುತ್ತನ್ನು ಕೈಯಲ್ಲಿ ಇಸಿದುಕೊಂಡು ತನ್ನ ತಟ್ಟೆಗೆ ಹಾಕಿದಳು. ಒಂದು ಬಿಲ್ಲೆಯ ಅಂಚನ್ನು ಉಗುರಿನಷ್ಟು ಮುರಿದು ಬಾಯಿಗಿಟ್ಟಳು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅಗಿಯತೊಡಗಿದಳು.

ಹತ್ತು ಸಲ ಅಗಿಯುವಷ್ಟರಲ್ಲಿ ಎಲ್ಲರೂ ಅವಳ ಕಡೆ ತಿರುಗಿದ್ದರು. ಹದಿನೈದಕ್ಕೆ ಯಾರೋ ಗಂಟಲು ಸರಿಮಾಡಿಕೊಂಡರು. ಕೊಬ್ಬು ನಾಲಿಗೆಯ ಮೇಲೆ ಕರಗಿ ಮೊದಲು ಉಪ್ಪು ಬಂತು, ಹಿಂದೆ ಸಣ್ಣ ಸಿಹಿ, ಆಮೇಲೆ ಲಿವರಿನ ಕಹಿ. ಐವತ್ನಾಲ್ಕು ವರ್ಷದಲ್ಲಿ ಎಷ್ಟು ಮದುವೆಗಳಲ್ಲಿ ಇದನ್ನು ತಿಂದಿದ್ದಳೋ. ಅದರಲ್ಲಿ ಸಿಹಿ ಇದೆ ಎಂದು ಗೊತ್ತಾದದ್ದು ಇವತ್ತು. ನುಂಗಿದಳು. ಕಾದಳು. ಇನ್ನೊಂದು ಚೂರು ಮುರಿದಳು.

"ನಮ್ಮವಳು ರೈಲ್ವೇಲಿ ಇರೋದು. ಗೂಡ್ಸ್ ಗಾಡಿ ಅಭ್ಯಾಸ ಆಗಿಬಿಟ್ಟಿದೆ," ಎಂದು ನಾಗಿಮಾ ನಗಿಸಲು ನೋಡಿದಳು. ಒಂದಿಬ್ಬರು ನಕ್ಕರು.

ಅಜ್ಜಿ ನಗಲಿಲ್ಲ. ಜೌರೇಶಳ ದವಡೆಯನ್ನೇ ನೋಡುತ್ತಿದ್ದಳು.

ಮೂರನೆಯ ಚೂರಿಗೆ ಆ ಬಿಲ್ಲೆ ಮುಗಿದಾಗ ಜೌರೇಶಳ ಮೂಗು ಸೋರಿತು, ಕಣ್ಣು ತೇವವಾಯಿತು. ಮಗಳನ್ನು ಕಳಿಸುವ ಸಂಕಟ ಎಂದುಕೊಂಡ ಬೀಗರ ಹೆಂಗಸರು ತಾವೂ ಕಣ್ಣೊರೆಸಲು ತಲೆವಸ್ತ್ರದ ತುದಿ ಹುಡುಕಿದರು. ಜೌರೇಶ್ ಮೂಗು ಒರೆಸಿಕೊಂಡು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು. ಅದರಲ್ಲಿ ಮೂರು ಬಿಲ್ಲೆ ಹಾಗೇ ಇದ್ದವು.

"ನಾನು ಅಳ್ತಿಲ್ಲ ಅಜ್ಜಿ. ಹೊಟ್ಟೆ ತುಂಬಿದಾಗ ನಂಗೆ ಹೀಗಾಗುತ್ತೆ, ಸಾಕು ಅಂತ ಅರ್ಥ. ಹೊಟ್ಟೆ ಕೊಯ್ಸಿ ಚಿಕ್ಕದು ಮಾಡಿಸ್ಕೊಂಡಿದೀನಿ. ಹೆಚ್ಚು ತಿಂದ್ರೆ ಕಾರ್ಕೋತೀನಿ. ಹೋದ ವರ್ಷ ಮದುವೇಲಿ ಆಗಿದ್ದು ಅದೇ, ಕುಡಿತ ಅಲ್ಲ. ನಿಮ್ಮ ಕೈತುತ್ತನ್ನ ಉಗುಳಬಾರದು ಅಂತ ಇಷ್ಟೇ ತಿಂದೆ. ತಿಂದಷ್ಟೂ ಮನಸ್ಸಿಟ್ಟು ತಿಂದೆ."

ನಾಗಿಮಾ ಜಮಖಾನದ ಹೂವು ನೋಡತೊಡಗಿದಳು. ಬೀಗರ ಕಡೆಯ ಒಬ್ಬ ಗಂಡಸು, ಅರ್ಧಂಬರ್ಧ ತಿಂದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಬಾಗಿಲ ಪರದೆಯ ಹಿಂದೆ ದರಿಗಾ ನಿಂತಿದ್ದಳು. ಪರದೆ ಹಿಡಿದ ಅವಳ ಬೆರಳುಗಳು ಮಾತ್ರ ಕಾಣುತ್ತಿದ್ದವು.

ಅಜ್ಜಿ ತನ್ನ ಬಾಯಲ್ಲಿದ್ದುದನ್ನು ನುಂಗಿದಳು. ಕಟ್ಟಿಸಿದ ಹಲ್ಲು, ಹಾಡಿನ ಹೊತ್ತಿಗೆ ಬಾಯಿಗಿಟ್ಟ ತುತ್ತು ಅವಳದೂ ಆಗಷ್ಟೇ ಮುಗಿದಿತ್ತು.

"ಎಷ್ಟು ಸಲ ಅಗೀತೀಯ?"

"ಮೂವತ್ತು."

"ನಾನು ಎಣಿಸಿದೆ. ಮೂರನೇದಕ್ಕೆ ಮೂವತ್ನಾಲ್ಕು," ಎಂದಳು ಅಜ್ಜಿ. ಆಮೇಲೆ ಆ ಗಂಡಸಿನ ಕಡೆ ತಿರುಗಿದಳು. "ಲೋ, ನೀನು ಆಗಲೇ ತಿಂದ್ಯಲ್ಲ, ಉಪ್ಪು ಹೇಗಿತ್ತು?"

ಅವನು ತಡವರಿಸಿದ. ಸರಿಯಾಗಿತ್ತು ಅನ್ನಿಸುತ್ತದೆ ಎಂದ.

"ಅನ್ನಿಸುತ್ತಂತೆ. ಇವಳನ್ನ ಕೇಳು, ಹೇಳ್ತಾಳೆ."

ಅಜ್ಜಿ ಮೊಣಕಾಲೂರಿ ಮುಂದೆ ಬಗ್ಗಿ ಜೌರೇಶಳ ತಟ್ಟೆಯನ್ನೇ ಎತ್ತಿಕೊಂಡಳು. ಸೊಂಟದಿಂದ ಶುಭ್ರವಾದ ಕರವಸ್ತ್ರ ತೆಗೆದು, ಉಳಿದ ಮೂರು ಬಿಲ್ಲೆಗಳನ್ನು ಅದರಲ್ಲಿಟ್ಟು ಗಂಟು ಹಾಕಿದಳು. ಅಲ್ಲಿದ್ದವರಿಗೆ ಅದು ಏನೆಂದು ಹೇಳಬೇಕಿರಲಿಲ್ಲ. ಗೌರವಸ್ಥರು ತಿಂದು ಉಳಿಸಿದ್ದನ್ನು ಸರ್ಕಿತ್ ಎಂದು ಕಿರಿಯರಿಗೆ ಒಯ್ಯುತ್ತಾರೆ. ತಿಂದವರಿಗೆ ಅವರ ಗುಣ ಬರಲಿ ಎಂದು. ದೊಡ್ಡ ಕವಿಗಳ, ನೂರು ದಾಟಿದ ಮುದುಕರ ತಟ್ಟೆಯಿಂದ ಒಯ್ಯುವುದನ್ನು ಜೌರೇಶ್ ಕಂಡಿದ್ದಳು. ರೈಲ್ವೆಯ ಹೆಂಗಸೊಬ್ಬಳ ತಟ್ಟೆಯಿಂದ ಒಯ್ದದ್ದನ್ನು ಕಂಡಿರಲಿಲ್ಲ.

"ಇದು ನನ್ನ ಮೊಮ್ಮಗನಿಗೆ. ಅತ್ತೆ ಮನೆಯ ಸರ್ಕಿತ್," ಎಂದಳು ಅಜ್ಜಿ. "ನಾವು ಬೀಗರಾದ್ವಿ. ಇನ್ನು ಯಾರಿಗೆ ಏನು ಕೇಳೋದಿದೆ?"

ಪರದೆಯ ಮೇಲಿನ ಬೆರಳುಗಳು ಸಡಿಲವಾದವು. ಜೌರೇಶ್ ಬೆನ್ನು ನೇರ ಮಾಡಿ ಕೂತಳು. ಎರಡೂ ಕಡೆಯವರು ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಿತ್ತು, ನೋಡಲಿ ಎನ್ನಿಸಿತು. ಚಹಾ ಬಂದಾಗ ತನ್ನ ಬಟ್ಟಲನ್ನು ಬೋರಲು ಹಾಕಿದಳು.

"ಅಜ್ಜಿ, ನಿಮ್ಮ ಮೊಮ್ಮಗನಿಗೆ ಹೇಳಿ," ಎಂದಳು. "ಗಬಗಬ ನುಂಗಬಾರದು. ಅಗೀಬೇಕು."

"ನಾನೇ ಎದುರಿಗೆ ಕೂತು ಎಣಿಸ್ತೀನಿ," ಎಂದಳು ಕಲಂಪಿರ್ ಅಜ್ಜಿ.