ಹೌದು ಅನ್ನುವ ಕೆಲಸ

"ಏ ಕಿವುಡ ಮುಂಡೇದೆ, ಗಂಟಲು ಹರ್ಕೊಂಡು ಕೂಗ್ತಿದೀನಿ, ಅಲ್ಲೇ ಬಿದ್ಕೊಂಡಿದೀಯಲ್ಲೇ!"

ಸೂಪರ್‌ವೈಸರ್ ಧೂಳೆಳೆಯುವ ಯಂತ್ರದ ಪೈಪನ್ನು ಬೂಟಿನಿಂದ ತುಳಿದ. ಅತ್ತಿಗೆ ಪೈಪು ಕಟ್ಟಿಕೊಂಡಿತೆಂದು ಎರಡು ಸಲ ಕೊಡವಿ ನೋಡಿದಳು. ಆಮೇಲೆ ಬೂಟು ಕಂಡು ಗಡಬಡಿಸಿ ಎದ್ದಳು.

ಅವಳು ನನ್ನ ಅಣ್ಣನ ಹೆಂಡತಿ. ಹೊರದೇಶದವರು ದುಡ್ಡು ಹಾಕಿ ಕಟ್ಟಿಸಿದ ಈ ಡೇಟಾ ಸೆಂಟರಿನಲ್ಲಿ ನಾವಿಬ್ಬರೂ ಕಸ ಹೊಡೆಯುವವರು. ಯಾವ ಊರಿನವರದೋ ಫೋಟೋ, ಕಾಗದ ಪತ್ರ, ಲೆಕ್ಕವೆಲ್ಲ ಈ ಕಬ್ಬಿಣದ ಬೀರುಗಳಲ್ಲಿ ತಣ್ಣಗೆ ಕೂತಿರುತ್ತದಂತೆ. ಅವು ಬಿಸಿಯಾಗದಿರಲೆಂದು ಸಾವಿರಾರು ಫ್ಯಾನುಗಳು ಹಗಲಿರುಳು ಅರಚುತ್ತವೆ. ಟೆಕ್ನಿಷಿಯನ್‌ಗಳಿಗೆ ಕಿವಿ ಮುಚ್ಚಿಕೊಳ್ಳಲು ದಪ್ಪ ಮುಚ್ಚಳ ಕೊಟ್ಟಿದ್ದಾರೆ. ಕಸ ಹೊಡೆಯುವವರಿಗೆ ಕಿವಿ ಇರುತ್ತದೆಂದು ಯಾರಿಗೂ ಹೊಳೆದ ಹಾಗಿಲ್ಲ. ಆರು ವರ್ಷದಲ್ಲಿ ಅತ್ತಿಗೆಯ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯಲ್ಲಿ ಒಂದು ತಿಂಗಳಿಂದ ಕೀವು. ಅದರ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳಿಸುತ್ತದೆ. ಇದನ್ನೂ ಹಾಗೇ ಬಿಟ್ಟರೆ ಮಗಳ ದನಿಯೂ ಇಲ್ಲವಾಗುತ್ತದೆಂದು ಅವಳು ಕೆಲಸದ ನಡುವೆಯೇ ಅಳುತ್ತಾಳೆ.

ಕಾರ್ಮಿಕ ಕಚೇರಿಗೂ ಹೋಗಿ ಬಂದೆವು. ಗುಮಾಸ್ತ ಅರ್ಜಿಯನ್ನು ಮುಟ್ಟಲೂ ಇಲ್ಲ.

"ಅದು ಮುಕ್ತ ವ್ಯಾಪಾರ ವಲಯ ಕಣಮ್ಮ. ಆ ಬೇಲಿ ಒಳಗೆ ನಮ್ಮ ಕಾನೂನು ಕಾಲಿಡೋ ಹಾಗಿಲ್ಲ."

ಬೇಲಿಯೊಳಗೆ ದವಾಖಾನೆಯಿದೆ, ಕಿವಿ ನೋಡುವ ಡಾಕ್ಟರೂ ಇದ್ದಾರೆ. ಆದರೆ ಅದು ನೀಲಿ ಕಾರ್ಡಿರುವ ಟೆಕ್ನಿಷಿಯನ್‌ಗಳಿಗೆ ಮಾತ್ರ. ಬಾಗಿಲಿನವರೆಗೆ ಹೋಗಿ ಮೂರು ಸಲ ಉಗಿಸಿಕೊಂಡು ಬಂದಿದ್ದೇವೆ.

ಅವತ್ತು ಸೂಪರ್‌ವೈಸರ್ ನಮ್ಮನ್ನೆಲ್ಲ ಸ್ಟೋರಿಗೆ ಅಟ್ಟಿದ. ಅಲ್ಲಿ ಮ್ಯಾನೇಜರ್ ನಿಂತಿದ್ದರು, ಪಕ್ಕದಲ್ಲಿ ನೀಲಿ ಕೋಟುಗಳ ರಾಶಿ. ಹೊರದೇಶದ ದುಡ್ಡು ಬರಲೆಂದು ಸರ್ಕಾರ ನೆಲ, ನೀರು, ಕರೆಂಟು ಕೊಡುತ್ತದೆ. ಬದಲಿಗೆ ನೂರು ಟೆಕ್ನಿಷಿಯನ್‌ಗಳಲ್ಲಿ ನಲವತ್ತು ಜನ ಇಲ್ಲಿಯವರಾಗಿರಬೇಕು. ಇದ್ದವರು ಒಂಬತ್ತು. ಮಧ್ಯಾಹ್ನ ಅದರ ತಪಾಸಣೆಗೆ ಸರ್ಕಾರದ ಸಾಹೇಬರೊಬ್ಬರು ಬರುವವರಿದ್ದರು.

"ಎಲ್ಲರೂ ಕೋಟು ಹಾಕ್ಕೊಳ್ಳಿ, ಕಾರ್ಡು ತಗೊಳ್ಳಿ. ಸಂಜೆ ಐದಕ್ಕೆ ವಾಪಸ್ ಕೊಡ್ಬೇಕು. ಸಾಹೇಬರು ಏನೇ ಕೇಳಲಿ, ಹೌದು ಸಾರ್ ಅನ್ನಿ. ಮತ್ತೊಂದು ಮಾತಾಡಿದ್ರೆ ನಾಳೆಯಿಂದ ಗೇಟಿನ ಆಚೆ."

ಕಕ್ಕಸು ತೊಳೆಯುವ ಮುದುಕ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನನ್ನ ಕಡೆ ವಾಲಿದ. "ನಮ್ಮಪ್ಪ ಇದ್ದಿದ್ರೆ ಎಷ್ಟು ಖುಷಿ ಪಡೋನು ಕಣವ್ವ. ಮಗ ಮೂರು ಗಂಟೆ ಇಂಜಿನಿಯರ್ ಆದ."

ನಗು ಬರಲಿಲ್ಲ. ನಾನು ಅತ್ತಿಗೆಯ ಬಲಗಿವಿಗೆ ಬಾಯಿಟ್ಟು ಕೂಗಿದೆ. "ಏನೇ ಕೇಳಿದ್ರೂ ಹೌದು ಸಾರ್ ಅನ್ನು!"

"ಅಷ್ಟೇ ತಾನೆ? ಇಷ್ಟು ವರ್ಷ ಅದನ್ನೇ ಅಲ್ವೇನೆ ಮಾಡಿರೋದು," ಎಂದಳು.

ಸಾಹೇಬರು ಬಂದರು. ಗಾಜಿನ ಕೋಣೆಯಲ್ಲಿ ಕಂಪ್ಯೂಟರುಗಳ ಮುಂದೆ ನಮ್ಮನ್ನು ಸಾಲಾಗಿ ಕೂರಿಸಿದ್ದರು. ಕೈಯಲ್ಲಿದ್ದ ಪಟ್ಟಿ ನೋಡಿ ಅವರು ಕೇಳುತ್ತಾ ಬಂದರು. ಸಂಬಳ ಸರಿಯಾಗಿ ಬರುತ್ತದೆಯೇ? ಹೌದು ಸಾರ್. ರಕ್ಷಣೆಯ ಸಾಮಾನು ಕೊಟ್ಟಿದ್ದಾರೆಯೇ? ಹೌದು ಸಾರ್. ಅತ್ತಿಗೆಯ ಹತ್ತಿರ ಬಂದಾಗ ಪಟ್ಟಿಯ ಕೊನೆಯ ಸಾಲು ಉಳಿದಿತ್ತು.

"ಏನಾದ್ರೂ ದೂರು ಇದೆಯಾ?"

"ಹೌದು ಸಾರ್."

ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಏನು ದೂರು?"

"ಹೌದು ಸಾರ್."

"ಸ್ವಲ್ಪ ಪೆದ್ದು ಸಾರ್," ಎಂದು ಮ್ಯಾನೇಜರ್ ನಕ್ಕರು.

ಸಾಹೇಬರು ನನ್ನತ್ತ ತಿರುಗಿದರು. "ಇವರಿಗೆ ಕಿವಿ ಕೇಳ್ಸಲ್ವಾ?"

ನನಗೂ ಅದೇ ಅಪ್ಪಣೆಯಾಗಿತ್ತಲ್ಲ. "ಹೌದು ಸಾರ್."

"ಇಲ್ಲಿ ಕೆಲಸಕ್ಕೆ ಬಂದ ಮೇಲೆ ಹೀಗಾಯ್ತಾ?"

"ಹೌದು ಸಾರ್," ಎಂದೆ. ಆರು ವರ್ಷದಲ್ಲಿ ಮೊದಲ ಸಲ ಯಾರೋ ನಮ್ಮನ್ನು ಕೇಳಿದ್ದರು.

ಸಾಹೇಬರು ಅತ್ತಿಗೆಯನ್ನು ನೋಡಿದರು, ಮ್ಯಾನೇಜರನ್ನು ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.

"ಅಂಗವಿಕಲರಿಗೂ ಕೆಲಸ ಕೊಟ್ಟಿದ್ದೀರಿ. ತುಂಬ ಒಳ್ಳೆಯದು. ಇದಕ್ಕೆ ಬೇರೆ ಅಂಕ ಇದೆ," ಎಂದರು ಮ್ಯಾನೇಜರಿಗೆ. ಇಬ್ಬರೂ ಕೈ ಕುಲುಕಿ ಕಾಫಿಗೆ ಹೋದರು.

ಗಡಿಯಾರ ನೋಡಿದೆ, ನಾಲ್ಕೂ ಇಪ್ಪತ್ತು. ಐದರವರೆಗೆ ನೀಲಿ ಕಾರ್ಡು ನಮ್ಮ ಕೈಯಲ್ಲೇ ಇತ್ತು. ಅತ್ತಿಗೆಯ ರಟ್ಟೆ ಹಿಡಿದು ದವಾಖಾನೆಯ ಕಡೆ ಎಳೆದುಕೊಂಡು ನಡೆದೆ. ಕಾರ್ಡು ತೋರಿಸಿದರೆ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ನರ್ಸು ಮುಗುಳ್ನಕ್ಕು, "ಬನ್ನಿ ಮೇಡಂ," ಎಂದಳು. ಹೋದ ವಾರ ನಮ್ಮನ್ನು ಉಗಿದು ಕಳಿಸಿದವಳು ಅವಳೇ.

ಡಾಕ್ಟರಮ್ಮ ಬಲಗಿವಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಒಳಗೆಲ್ಲ ಕೀವು ಕಟ್ಟಿದೆ. ಈಗ್ಲೇ ತೆಗೆದು ಔಷಧಿ ಹಾಕಿದ್ರೆ ಇಷ್ಟಾದ್ರೂ ಉಳಿಬಹುದು. ಇನ್ನು ನಾಲ್ಕು ದಿನ ಬಿಟ್ಟಿದ್ರೆ ನಾನೂ ಏನೂ ಮಾಡೋಕಾಗ್ತಿರ್ಲಿಲ್ಲ."

ಅವರು ಹತ್ತಿ ಸುತ್ತಿದ ಕಡ್ಡಿ ಕೈಗೆತ್ತಿಕೊಳ್ಳುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಕೇಳಿಸಿಕೊಂಡರು. "ಹೌದು ಸಾರ್... ಗೊತ್ತಿರ್ಲಿಲ್ಲ ಸಾರ್," ಎಂದು ಇಟ್ಟರು. ಕಡ್ಡಿಯನ್ನೂ ತಟ್ಟೆಗೆ ಇಟ್ಟುಬಿಟ್ಟರು.

"ನೀವು ಟೆಕ್ನಿಷಿಯನ್ ಅಲ್ಲಂತೆ. ಹೊರಡಿ, ದಯವಿಟ್ಟು."

ನಾನು ಹೋಗಿ ಕೋಣೆಯ ಬಾಗಿಲ ಚಿಲಕ ಹಾಕಿದೆ.

"ಏನಮ್ಮ ಇದು? ನನ್ನ ಕೆಲಸ ಹೋಗುತ್ತೆ!"

"ನಂದು ಆಗ್ಲೇ ಹೋಯ್ತು ಡಾಕ್ಟ್ರೆ. ಇವಳ ಕಿವಿ ಆದ್ರೂ ಉಳೀಲಿ. ಕಡ್ಡಿ ತಗೊಳ್ಳಿ."

ಅಷ್ಟರಲ್ಲಿ ಹೊರಗೆ ಬೂಟಿನ ಸದ್ದು. ಸೂಪರ್‌ವೈಸರ್ ಎರಡೂ ಕೈಯಲ್ಲಿ ಬಾಗಿಲು ಬಡಿಯತೊಡಗಿದ. "ತೆಗಿಯೇ ಬೋಸುಡಿ! ಕೋಟು ಕದ್ಕೊಂಡು ಹೋಗ್ತೀಯಾ? ಚರ್ಮ ಸುಲೀತೀನಿ!" ಇನ್ನೂ ಇಬ್ಬರು ಸೇರಿಕೊಂಡರು. ಬಾಗಿಲು ಅದುರಿತು. ಚಿಲಕದ ಒಂದು ಸ್ಕ್ರೂ ಕಿತ್ತು ಬಂದು ನೆಲದ ಮೇಲೆ ಉರುಳಿತು.

ಡಾಕ್ಟರಮ್ಮ ಒಮ್ಮೆ ಬಾಗಿಲನ್ನು, ಒಮ್ಮೆ ನನ್ನನ್ನು ನೋಡುತ್ತಾ ನಿಂತೇ ಇದ್ದರು.

ಅತ್ತಿಗೆ ಸ್ಟೂಲಿನ ಮೇಲೆ ತಲೆ ವಾಲಿಸಿ, ಕಣ್ಣು ಮುಚ್ಚಿ ಕೂತಿದ್ದಳು. "ಶುರು ಮಾಡಿ ಡಾಕ್ಟ್ರೆ, ನೋವಾದ್ರೂ ತಡ್ಕೋತೀನಿ," ಎಂದಳು. ಆಮೇಲೆ ನನಗೆ ಮೆಲ್ಲಗೆ, "ಇಲ್ಲಿ ಒಂಚೂರೂ ಗಲಾಟೆ ಇಲ್ಲ ಅಲ್ವೇನೆ?" ಎಂದಳು.

ಚಿಲಕ ಇನ್ನು ತಡೆಯುವ ಹಾಗಿರಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿ ನಿಂತೆ.