ಅಂಗಡಿಯ ನಂಬರು

ಹಳೆಯ ಫೋನಿನ ಸಿಗ್ನಲ್ ಗೀಟುಗಳು ಒಂದೊಂದಾಗಿ ಅಲ್ಲ, ಒಟ್ಟಿಗೇ ಮಾಯವಾದವು. ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದ ಅಂಗಿಯನ್ನು ತೊಡೆಯಿಂದ ಇಳಿಸಿ ಅವಳು ಫೋನನ್ನು ಬೆಳಕಿಗೆ ಹಿಡಿದಳು. ನಂಬರು ಇಲ್ಲಿ ಸತ್ತಿತ್ತು, ಹೊಸ ಫೋನಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಕೊಂದೆಯಾ?" ಎಂದ ಗಂಡ, ಕತ್ತರಿಸುವ ಮೇಜಿನ ಮುಂದೆ ನಿಂತಲ್ಲಿಂದಲೇ.

"ಕೊಂದಿಲ್ಲ. ಆ ಕಡೆಯಿಂದ ಈ ಕಡೆಗೆ ಬರ್ತಾ ಇದೆ."

ಬೀದಿಗೆಲ್ಲ ಅವನು ಟೈಲರ್ ಮಾಸ್ತರ, ಅವಳು ಕಾಜಾ ಅಕ್ಕ. ಮದುವೆಯಾದಾಗಿನಿಂದ ಅವಳ ಪಾಲಿಗೆ ಬಂದದ್ದು ಕಾಜಾ, ಗುಂಡಿ, ಅಂಚು. ಬಟ್ಟೆಗೆ ಕತ್ತರಿ ಇಡುವುದು ಅವನೊಬ್ಬನೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಏನು ಮಾಡ್ತೀಯ ಎಂದು ಅವನು ಕೇಳಿದಾಗಲೆಲ್ಲ ಅವಳು ಮತ್ತೆ ಸೂಜಿಯತ್ತ ಬಗ್ಗುತ್ತಿದ್ದಳು.

ಹಿಂದಿನ ವಾರ ಇಸ್ತ್ರಿಪೆಟ್ಟಿಗೆ ಬಿದ್ದು ಫೋನಿನ ಗಾಜು ಅಡ್ಡಡ್ಡ ಸೀಳಿತ್ತು. ಸೀಳಿನ ಕೆಳಗೆ ಎಷ್ಟು ಒತ್ತಿದರೂ ಕಲ್ಲಿಗೆ ಒತ್ತಿದ ಹಾಗೆ. ಕರೆ ಎತ್ತುವ ಗುಂಡಿ ಇದ್ದದ್ದೂ ಅಲ್ಲೇ. ಗಿರಾಕಿಗಳು ಫೋನು ಮಾಡಿ ಮಾಡಿ ಸುಸ್ತಾಗುತ್ತಿದ್ದರು. ಹೊಸ ಫೋನು ತಂದರೆ ಅದಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ. ಮಾಸ್ತರ ಸಣ್ಣ ಸೂಜಿ ಹಿಡಿದು ಫೋನಿನ ಸುತ್ತ ತೂತು ಹುಡುಕಿ, ಕೊನೆಗೆ ಮೈಕಿನ ತೂತಿಗೇ ಚುಚ್ಚಲು ಹೋದಾಗ ಅವಳು ಕಸಿದುಕೊಂಡಿದ್ದಳು. ಇದಕ್ಕೆ ಇ-ಸಿಮ್ ಅಂತಾರೆ, ಸಿಮ್ ಒಳಗೇ ಇರುತ್ತೆ ಎಂದು ಪಕ್ಕದ ಕ್ಷೌರಿಕ ನಗುತ್ತ ತಿಳಿಸಿದ್ದ.

ಬೆಳಿಗ್ಗೆ ಸಿಮ್ ಕಂಪನಿಯ ಕಚೇರಿಗೆ ಅವಳೇ ಹೋಗಿ ಬಂದಿದ್ದಳು. ಮೇಲ್‌ಗೆ ಒಂದು ಕ್ಯೂಆರ್ ಕೋಡಿನ ಚೌಕದ ಚಿತ್ರ ಬರುತ್ತೆ, ಹೊಸ ಫೋನಿನ ಕ್ಯಾಮೆರಾಗೆ ಅದನ್ನು ತೋರಿಸಿ, ಒಂದು ಸಲ ಮಾತ್ರ ನಡೆಯುತ್ತೆ ಎಂದು ಅಲ್ಲಿನ ಹುಡುಗಿ ಎಚ್ಚರಿಸಿದ್ದಳು. ಮೇಲ್ ತೆರೆಯುತ್ತಿದ್ದದ್ದು ಹಳೆಯ ಫೋನಿನಲ್ಲಿ ಮಾತ್ರ. ಅದರ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಇಷ್ಟರ ನಡುವೆ ಆಸ್ಪತ್ರೆಯ ಮೇಲ್ವಿಚಾರಕಿ ಮಧ್ಯಾಹ್ನದೊಳಗೆ ಕರೆ ಮಾಡುವವಳಿದ್ದಳು. ದಾದಿಯರೆಲ್ಲರ ಸಮವಸ್ತ್ರ, ವರ್ಷವಿಡೀ ಕೈತುಂಬ ಕೆಲಸ. ಈ ಸಲವೂ ಎತ್ತದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುವುದಾಗಿ ಆಕೆ ಆಳು ಕಳಿಸಿ ಹೇಳಿಸಿದ್ದಳು.

ಕ್ಷೌರಿಕನ ವೈಫೈ ಗೋಡೆ ದಾಟಿ ಎರಡೂ ಫೋನಿಗೆ ಬರುತ್ತಿತ್ತು. ಮೇಲ್ ಬಂತು. ಚೌಕ ತೆರೆಯಿತು, ಪರದೆ ತುಂಬ. ಸೀಳು ಅದರ ಕೆಳಮೂಲೆಯನ್ನು ತುಂಡರಿಸಿಕೊಂಡು ಹೋಗಿತ್ತು. ಹೊಸ ಫೋನನ್ನು ಅದರ ಮುಂದೆ ಹಿಡಿದಳು. ಹತ್ತಿರ ತಂದಳು, ದೂರ ಒಯ್ದಳು. ಕ್ಯಾಮೆರಾ ಕುರುಡಾಗಿ ಕೂತಿತ್ತು. ಬೇರೆಯವರ ಫೋನಿಗೆ ಕಳಿಸೋಣವೆಂದರೆ ಕಳಿಸುವ ಗುಂಡಿಯೂ ಸತ್ತ ಭಾಗದಲ್ಲೇ.

ಕ್ಷೌರಿಕ ಬಾಚಣಿಗೆ ಹಿಡಿದೇ ಬಾಗಿಲಿಗೆ ಬಂದ. "ಮಾಸ್ತರೇ, ನನ್ನ ಕೈ ತಪ್ಪಿದ್ರೆ ಕೂದಲು ಮತ್ತೆ ಬೆಳೆಯುತ್ತೆ. ನಿಮ್ಮ ನಂಬರು ಬೆಳೆಯೋ ಹಾಗೆ ಕಾಣಲ್ಲ."

ಮಾಸ್ತರ ನಗಲಿಲ್ಲ. ಅವನ ಮುಖ ಬಾಡಿತ್ತು. "ಬಿಡೇ, ಸಾಕು. ನಾಳೆ ಮೊಬೈಲ್ ಅಂಗಡಿಯವನ ಕೈಗೆ ಕೊಡೋಣ" ಎಂದ. ನಾಳೆಗೆ ಆಸ್ಪತ್ರೆಯ ಕೆಲಸ ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಪರದೆಯನ್ನು ಬಟ್ಟೆ ನೋಡುವಂತೆ ನೋಡುತ್ತಿದ್ದಳು. ಬಟ್ಟೆಯ ಥಾನಿನ ನಡುವೆ ಇಲಿ ಕಡಿದ ತೂತು ಸಿಕ್ಕರೆ ಗಂಡ ಬಟ್ಟೆ ಎಸೆಯುತ್ತಿರಲಿಲ್ಲ. ಅಂಗಿಯ ಆಕಾರಕ್ಕೆ ಕತ್ತರಿಸಿದ ಕಾಗದದ ಅಚ್ಚನ್ನು ಅತ್ತ ಸರಿಸಿ, ಇತ್ತ ತಿರುಗಿಸಿ, ತೂತು ಹೊರಗುಳಿಯುವಂತೆ ಕೂರಿಸುತ್ತಿದ್ದ. ದೊಡ್ಡವರ ಅಂಗಿಗೆ ಸಾಲದಿದ್ದರೆ ಮಗುವಿನ ಅಂಗಿಗೆ. ಕಾಜಾ ಹಾಕುತ್ತ ಕೂತಲ್ಲಿಂದ ಅವಳು ಅದನ್ನೆಲ್ಲ ನೋಡಿದ್ದಳು. ನೋಡಬೇಡವೆಂದು ಯಾರೂ ಹೇಳಿರಲಿಲ್ಲ.

ಎರಡು ಬೆರಳಿಟ್ಟು ಚೌಕವನ್ನು ಕುಗ್ಗಿಸಿದಳು. ಅದು ಬೆಂಕಿಪೊಟ್ಟಣದಷ್ಟಾಯಿತು. ಮೆಲ್ಲಗೆ ಮೇಲಕ್ಕೆಳೆದು, ಸೀಳು ಮುಟ್ಟದ ಮೂಲೆಯಲ್ಲಿ ಕೂರಿಸಿದಳು. ಹೊಸ ಫೋನನ್ನು ಅದರ ಮೇಲೆ ತಂದಳು.

ಹೊಸ ಫೋನು ಒಮ್ಮೆ ಗುಂಯ್ ಅಂದಿತು. ನಂಬರು ಸೇರಿಸಲೇ ಎಂದು ಕೇಳಿತು. ಹೂಂ ಒತ್ತುವ ಮುನ್ನ ಅವಳು ಗಂಡನ ಕಡೆ ತಿರುಗಲಿಲ್ಲ. ಸಣ್ಣ ಚಕ್ರವೊಂದು ಸುತ್ತಿತು, ಸುತ್ತುತ್ತಲೇ ಇತ್ತು. ಆಮೇಲೆ ಹೊಸ ಪರದೆಯ ಮೂಲೆಯಲ್ಲಿ ಗೀಟುಗಳು ಎದ್ದು ನಿಂತವು.

"ಬಂತಾ? ಯಾರು ಹೇಳಿಕೊಟ್ರು ಅಕ್ಕ?" ಎಂದ ಕ್ಷೌರಿಕ.

ಅವಳು ಬಾಯಿ ತೆರೆಯುವ ಮೊದಲೇ ಮಾಸ್ತರ ಮಾತಾಡಿದ. ಒಳ್ಳೆಯ ಕೋಟನ್ನು ಗಿರಾಕಿಯ ಮುಂದೆ ಕೊಡವಿ ಹಿಡಿಯುವಾಗಿನ ದನಿ ಅದು. "ಯಾರು ಹೇಳಿಕೊಡ್ತಾರೆ? ಹಾಳಾದ ಜಾಗ ಬಿಟ್ಟು ಅಚ್ಚು ಕೂರಿಸಿದ್ಲು. ಕಟಿಂಗ್ ಗೊತ್ತಿರೋರು ಮಾಡೋ ಕೆಲಸ ಅದು."

ಅವಳ ಕಿವಿ ಬಿಸಿಯಾಯಿತು. ಕ್ಷೌರಿಕ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿ, ಅರ್ಧ ಕತ್ತರಿಸಿದ ತಲೆಯೊಂದು ಕಾಯುತ್ತಿದೆ ಎಂದು ಹೊರಟ.

ಫೋನು ಹೊಡೆದುಕೊಂಡಾಗ ಮಾಸ್ತರ ರೂಢಿಯಂತೆ ಕೈ ಚಾಚಿದ. ಅವಳು ಕಂಡೂ ಕಾಣದವಳಂತೆ ಕಿವಿಗಿಟ್ಟುಕೊಂಡಳು. ಮಾಸ್ತರ ಇದ್ದಾರಾ ಎಂದಿತು ಆಚೆಯಿಂದ ಮೇಲ್ವಿಚಾರಕಿಯ ಗಡಸು ದನಿ.

"ಇದ್ದಾರೆ. ನನಗೇ ಹೇಳಿ, ಅಳತೆ ನಾನು ತಗೋತೀನಿ."

ಆಚೆಯ ದನಿ ಶುರುವಾಯಿತು, ನಿಲ್ಲದೆ. ಅವಳು ಒಂದೊಂದನ್ನೂ ಗಟ್ಟಿಯಾಗಿ ಮರಳಿ ಹೇಳುತ್ತ ಹೋದಳು: ತೋಳು ಗಿಡ್ಡ, ಜೇಬು ಎರಡು, ಕಾಲರು ಬೇಡ. ಚಾಚಿದ ಕೈಯನ್ನು ಮಾಸ್ತರ ಹಿಂದಕ್ಕೆ ತೆಗೆದುಕೊಂಡ. ಮೇಜಿನ ಮೇಲೆ ತಡಕಾಡಿ ಸೀಮೆಸುಣ್ಣ ಹುಡುಕಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕರಿಬಟ್ಟೆಯ ತುಂಡಿನ ಮೇಲೆ ಬರೆದುಕೊಳ್ಳತೊಡಗಿದ.